ಅಂಜನಮ್ಮನ ನೆತ್ತರಿಗೆ ಚಳಿ

ಧನುರ್ಮಾಸ ಬಂತೆಂದರೆ ದೇವರಿಗೆ ಹಬ್ಬ, ಹೂವಿನವರಿಗೆ ಜೀವ ಹೋಗುವಷ್ಟು ಕೆಲಸ. ಜಯನಗರದ ಹೊಸ ಬಡಾವಣೆಯ ಅಮ್ಮಂದಿರಿಗೆ ಸೂರ್ಯ ಹುಟ್ಟುವುದರೊಳಗೆ ಪೂಜೆ ಮುಗಿಯಬೇಕು, ಪೊಂಗಲು ಬೇಯಬೇಕು, ಅದಕ್ಕೂ ಮೊದಲು ಬಾಗಿಲಿಗೆ ಹೂವು ಬಂದಿರಬೇಕು. ಆ ಹೂವೇನು ತಾನಾಗೇ ನಡೆದುಕೊಂಡು ಬರುತ್ತದೆಯೇ? ಸಾರಕ್ಕಿ ಕೆರೆಯ ಹಿಂದಿನ ತೋಟದಲ್ಲಿ, ಇಬ್ಬನಿ ತೊಟ್ಟಿಕ್ಕುವ ಗಿಡಗಳ ನಡುವೆ ನಿಂತು ಅಂಜನಮ್ಮ ಬಿಡಿಸಬೇಕು, ಕಟ್ಟಬೇಕು, ಬುಟ್ಟಿ ಹೊತ್ತು, ದಿನಾ ಹೂವು ಕೊಳ್ಳುವ ವರ್ತನೆ ಮನೆಗಳಿಗೆಲ್ಲ ಹಾಕಿ ಬರಬೇಕು. ಮದುವೆಯಾಗಿ ಸಾರಕ್ಕಿಗೆ ಬಂದಾಗಿನಿಂದ ಅವಳದು ಇದೇ ಕೆಲಸ. ಬಾಳೆನಾರು ಹಿಡಿದು ಕೂತಳೆಂದರೆ ಬೆರಳು ಎಲ್ಲಿ ಹೋಯಿತು, ಹೂವು ಎಲ್ಲಿ ಬಂತು ಎಂದು ನೋಡುವವರಿಗೆ ತಿಳಿಯುತ್ತಿರಲಿಲ್ಲ. ಅವಳು ಕಟ್ಟಿದ ಮಾಲೆಯನ್ನು ಮಗು ಹಿಡಿದು ಜಗ್ಗಿದರೂ ಒಂದು ಹೂವು ಸಡಿಲವಾಗುತ್ತಿರಲಿಲ್ಲ. ಅದರ ಬಗ್ಗೆ ಅವಳಿಗೆ ಜಂಬವೂ ಇತ್ತು. ಇರಲಿ ಬಿಡಿ, ಜಂಬಪಡುವಂಥ ಕೈಯೇ ಅದು.

ಅರವತ್ಮೂರನೇ ಇಸವಿಯ ಆ ಚಳಿಯಲ್ಲಿ ಅಂಥ ಕೈ ಮುಷ್ಕರ ಹೂಡಿತು. ತೋಟದಲ್ಲಿ ನಿಂತ ಸ್ವಲ್ಪ ಹೊತ್ತಿಗೆ ಬೆರಳುಗಳು ಬಿಳಿಚಿಕೊಳ್ಳುತ್ತಿದ್ದವು, ಆಮೇಲೆ ನೀಲಿಗಟ್ಟುತ್ತಿದ್ದವು, ಆಮೇಲೆ ಅವು ತನ್ನವೇ ಬೆರಳುಗಳೆಂಬುದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಬಿಡಿಸಿದ ಕಾಕಡ ಹೂವು ಮಡಿಲಿಗೆ ಬೀಳದೆ ನೆಲಕ್ಕೆ ಬೀಳುತ್ತಿತ್ತು. ಕಿವಿಯ ಅಂಚು ಉರಿಯುತ್ತಿತ್ತು. ಮನೆಗೆ ಬಂದು ಒಲೆಯ ಮುಂದೆ ಕೂತು ಕೈ ಕಾಯಿಸಿಕೊಂಡರೆ, ಹಾಳಾದ್ದು, ಏನೂ ನಡೆದೇ ಇಲ್ಲವೆಂಬಂತೆ ಕೈ ಮತ್ತೆ ಕೆಂಪಗಾಗಿಬಿಡುತ್ತಿತ್ತು.

"ನೋಡಮ್ಮಿ, ನನ್ ಕೈ ನೋಡು ಹೆಂಗಾಗೈತೆ" ಎಂದು ಸೊಸೆ ಮಂಗಮ್ಮನಿಗೆ ತೋರಿಸಿದಳು. ಬುಡ್ಡಿ ದೀಪದ ಬೆಳಕಿನಲ್ಲಿ ನೀಲಿ ಯಾವುದು, ಕಪ್ಪು ಯಾವುದು? ಮಂಗಮ್ಮನ ಮಡಿಲಲ್ಲಿ ಕೂಸು ಬೇರೆ ಅಳುತ್ತಿತ್ತು.

"ಚಳಿ ಎಲ್ರಿಗೂ ಆಗ್ತೈತೆ ಅತ್ತೆ. ನಂಗೂ ಕೈ ಮರಗಟ್ತೈತೆ, ನಾನೇನ್ ಊರಿಗೆಲ್ಲ ಹೇಳ್ಕೊಂಡ್ ಬರ್ತೀನಾ?" ಎಂದಳು ಅವಳು.

ಗಂಡ ಬೋರಣ್ಣ ಮಾತ್ರ ಇದು ಕೆರೆಯ ಗಾಳಿಯೇ ಸರಿ ಎಂದು ತೀರ್ಮಾನ ಮಾಡಿದ. ಪುಟ್ಟೇನಹಳ್ಳಿಯವರೊಬ್ಬರ ಹತ್ತಿರ ಮಂತ್ರಿಸಿದ ದಾರ ತಂದು ಹೆಂಡತಿಯ ಮುಂಗೈಗೆ ಕಟ್ಟಿದ. ದಾರ ಕಟ್ಟಿಕೊಂಡೇ ಕೈ ಮತ್ತೆ ನೀಲಿಯಾಯಿತು. ಕೊನೆಗೆ ಬಸವನಗುಡಿಯ ಡಾಕ್ಟರ ಹತ್ತಿರ ಹೋಗುವುದೆಂದು ಮಾತಾಯಿತು.

ಡಾಕ್ಟರ ಹತ್ತಿರ ಹೋಗುವುದೆಂದರೆ ಮಣ್ಣುಗಾಲಲ್ಲಿ ಹೋಗಲಾಗುತ್ತದೆಯೇ? ಮನೆಯ ಮರ್ಯಾದೆ ಪ್ರಶ್ನೆ. ಹಂಡೆ ತುಂಬ ನೀರು ಕಾಯಿಸಿದ್ದಾಯಿತು. ಅಂಜನಮ್ಮ ಸೀಗೆಪುಡಿ ಹಾಕಿ ತಲೆಯಿಂದ ಕಾಲಿನವರೆಗೆ ಸುಡುಸುಡು ನೀರು ಹುಯ್ದುಕೊಂಡಳು. ಒಗೆದ ಸೀರೆ ಉಟ್ಟಳು, ಅಗಲವಾಗಿ ಕುಂಕುಮ ಇಟ್ಟಳು, ಬಿಸಿ ಕಾಫಿ ಕುಡಿದಳು, ಬಿಸಿಲಲ್ಲಿ ನಿಂತು ಬಸ್ಸಿಗೆ ಕಾದಳು. ಡಾಕ್ಟರ ಮುಂದೆ ಕೈ ಚಾಚುವ ಹೊತ್ತಿಗೆ ಅಂಗೈ ಬೆಚ್ಚಗೆ, ಬೆರಳು ಗುಲಾಬಿ ಬಣ್ಣ.

"ನಿಮ್ ಕೈ ನನ್ ಕೈಗಿಂತ ಚೆನ್ನಾಗಿದೆಯಲ್ಲಮ್ಮ!" ಎಂದು ನಕ್ಕು ಅವರು ಟಾನಿಕ್ಕಿನ ಬಾಟಲಿ ಬರೆದುಕೊಟ್ಟರು. ಇನ್ನೊಂದು ಸಲ ಹೋದಾಗಲೂ ಅಷ್ಟೇ, ಸ್ನಾನ, ಕುಂಕುಮ, ಕಾಫಿ, ಬಸ್ಸು, ಗುಲಾಬಿ ಬೆರಳು. ಈ ಸಲ ಡಾಕ್ಟರು ನಗಲೂ ಇಲ್ಲ.

"ಡಾಕ್ಟ್ರೇ ಹೇಳಿದ್ರಲ್ಲ ಏನೂ ಇಲ್ಲ ಅಂತ. ಕೆಲ್ಸ ಬೇಡ ಅಂದ್ರೆ ಬೇಡ ಅನ್ನು, ನಾಟಕ ಯಾಕೆ?" ಎಂದ ಬೋರಣ್ಣ, ಬಸ್ಸಿಳಿದು ಮನೆಗೆ ನಡೆಯುತ್ತಾ.

ಆ ಮಾತು ಅಂಜನಮ್ಮನ ಎದೆಗೆ ನಾಟಿತು. ಇಷ್ಟು ವರ್ಷ ಸಂಸಾರ ಮಾಡಿ, ಬಸುರಿಯಾಗಿದ್ದಾಗಲೂ ಒಂದು ದಿನ ತೋಟ ತಪ್ಪಿಸದವಳು ಈಗ ನಾಟಕದವಳಾದಳೇ? ಅವಳು ಗಂಡನನ್ನು ಹಿಂದೆ ಬಿಟ್ಟು ಮುಂದೆ ಮುಂದೆ ನಡೆದುಬಿಟ್ಟಳು.

ಆಮೇಲೆ ಬೆನ್ನು ನೋವು ಶುರುವಾಯಿತು. ಬುಟ್ಟಿ ಎತ್ತಿದರೆ ಪಕ್ಕೆಲುಬಿನಲ್ಲಿ ಛಳಕು. ನಾಲ್ಕು ಹೆಜ್ಜೆ ನಡೆದರೆ ಸುಸ್ತು. ಅದನ್ನು ಯಾರಿಗೂ ಹೇಳಲೇ ಇಲ್ಲ, ಹೇಳಿದರೆ ನಾಟಕ ಅನ್ನುತ್ತಾರಲ್ಲ. ಆದರೆ ಬಲಗೈಯ ತೋರುಬೆರಳಿನ ತುದಿ ಒಂದು ದಿನ ಕಪ್ಪಗಾಯಿತು, ಒಲೆಯ ಮುಂದೆ ಕೂತರೂ ಕೆಂಪಗಾಗಲಿಲ್ಲ, ಬಿಸಿಲಿಗೂ ಆಗಲಿಲ್ಲ. ಅದನ್ನು ಮುಚ್ಚಿಡಲು ಸಾಧ್ಯವಿರಲಿಲ್ಲ. ಬೋರಣ್ಣ ಬೆರಳು ನೋಡಿ ಹೌಹಾರಿದ. ಅವಳನ್ನು ಕರೆದುಕೊಂಡು ಪೇಟೆಯ ದೊಡ್ಡಾಸ್ಪತ್ರೆಗೆ ಓಡಿದ.

ಅಲ್ಲಿನ ಸರ್ಜನ್ನರು ವಯಸ್ಸಾದವರು, ಗಂಭೀರ ಮನುಷ್ಯ. ಬೆರಳನ್ನು ಹಿಸುಕಿದರು, ತಿರುಗಿಸಿದರು. ಅವಳಿಗೆ ಏನೂ ತಿಳಿಯಲಿಲ್ಲ.

"ತುದಿ ಸತ್ತುಹೋಗಿದೆ. ಕಪ್ಪು ಮೇಲಕ್ಕೆ ಹತ್ತೋ ಮೊದಲು ಬೆರಳು ತೆಗೀಬೇಕು. ಸಂಕ್ರಾಂತಿ ಕಳೆದ ಮೇಲೆ ಬಂದು ಸೇರ್ಕೊಳ್ಳಿ" ಎಂದರು.

"ಸ್ವಾಮಿ, ಇದು ನಾರು ಬಿಗಿಯೋ ಬೆರಳು" ಎಂದಳು ಅಂಜನಮ್ಮ.

"ಇನ್ನೂ ಒಂಬತ್ತು ಇದೆಯಲ್ಲಮ್ಮ" ಎಂದರು ಅವರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಸಮಾಧಾನಕ್ಕೇ ಹೇಳಿದ್ದು.

ಆ ಒಂಬತ್ತು ಬೆರಳು ಕಟ್ಟಿಕೊಂಡು ಏನು ಮಾಡುವುದು? ನಾರನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿರುವಿ ಗಂಟು ಎಳೆಯದಿದ್ದರೆ ಹೂವು ಮಾಲೆಯಾಗುವುದಿಲ್ಲ. ಹೂವು ಕಟ್ಟಲಾಗದ ಅಂಜನಮ್ಮ ಎಂದರೆ ಯಾರು? ಮೂಲೆಯಲ್ಲಿ ಕೂತು ಸೊಸೆಯ ಕೈಯಿಂದ ತಟ್ಟೆ ಇಸಿದುಕೊಳ್ಳುವ ಮುದುಕಿ. ಆ ಯೋಚನೆ ಬಂದಾಗ ಅವಳಿಗೆ ಬೆರಳಿಗಿಂತ ಹೆಚ್ಚಾಗಿ ಒಡಲು ಉರಿಯಿತು. ಹಾಗೆಯೇ ಒಂದು ಹಟವೂ ಹುಟ್ಟಿತು. ಕತ್ತರಿಸುವ ಮುಂಚೆ, ಇದು ಯಾಕೆ ಹೀಗಾಯಿತು ಎಂದು ಒಬ್ಬರಾದರೂ ಹೇಳಲಿ.

ಜಯನಗರದಲ್ಲಿ ಒಂದು ವರ್ತನೆ ಮನೆಯ ಪಕ್ಕಕ್ಕೆ ಹೊಸದಾಗಿ ಡಾಕ್ಟರ್ ಕಮಲಾದೇವಿ ಎಂಬ ಬೋರ್ಡು ಬಿದ್ದಿತ್ತು. ಮದರಾಸಿನಲ್ಲಿ ಓದಿ ಬಂದವರಂತೆ, ಒಬ್ಬರೇ ಇರುತ್ತಾರಂತೆ, ರಕ್ತ ಗಿಕ್ತ ತಾವೇ ಪರೀಕ್ಷೆ ಮಾಡುತ್ತಾರಂತೆ.

"ಹೆರಿಗೆ ಡಾಕ್ಟ್ರ ಹತ್ರ ಬೆರಳಿಗೇನೇ ಕೆಲ್ಸ?" ಎಂದು ಬೋರಣ್ಣ ಗೊಣಗಿದ. ಹೆಂಗಸು ಡಾಕ್ಟರೆಂದರೆ ಹೆರಿಗೆಗೇ ಎಂದು ಅವನ ಲೆಕ್ಕ.

"ಅವ್ರಾದ್ರೂ ಹೆಂಗಸು ಹೇಳಿದ್ದನ್ನ ಕೇಳ್ತಾರೇನೋ ನೋಡ್ತೀನಿ" ಎಂದು ಅಂಜನಮ್ಮ ಹೊರಟಳು. ಸ್ನಾನ ಮಾಡಿಕೊಂಡೇ ಹೊರಟಳು, ಅದರಲ್ಲೇನೂ ಬದಲಾವಣೆ ಇಲ್ಲ.

ಕಮಲಾದೇವಿ ಕೇಳಿದರು. ಕಪ್ಪು ತುದಿ ನೋಡಿದರು, ಬೆನ್ನು ಮುಟ್ಟಿ ನೋಡಿದರು, ಎಲ್ಲಿ ನೋವು ಎಂದು ಒತ್ತಿ ಒತ್ತಿ ಕೇಳಿದರು. ನಾಟಕ ಎನ್ನಲಿಲ್ಲ. ಗಾಜಿನ ಸಿರಿಂಜಿನಲ್ಲಿ ರಕ್ತ ಎಳೆದುಕೊಂಡು, ನಾಳೆ ಬನ್ನಿ ಎಂದರು. ಮಾರನೆಯ ದಿನ ಹೋದರೆ, "ನಿನ್ನೆಯ ರಕ್ತ ಕೆಟ್ಟುಹೋಯ್ತು ಅಂಜನಮ್ಮ, ಟ್ಯೂಬು ಸರಿಯಾಗಿ ತೊಳೆದಿರ್ಲಿಲ್ಲ ಅಂತ ಕಾಣುತ್ತೆ. ಇನ್ನೊಂದ್ಸಲ ಕೊಡಿ" ಎಂದರು. ಕೊಟ್ಟಳು. ಅದರ ಮಾರನೆಯ ದಿನವೂ ಅದೇ ಮಾತು. ಈ ಸಲ ಡಾಕ್ಟರ ಹುಬ್ಬು ಗಂಟಿಕ್ಕಿತ್ತು. ಟ್ಯೂಬು ತೊಳೆಯುವ ಆಯಾಳಿಗೆ ಒಳಗೆ ಬೈಗುಳ ಬಿದ್ದದ್ದೂ ಕೇಳಿಸಿತು.

ಮನೆಯಲ್ಲಿ ಇದನ್ನು ಹೇಳಿದ್ದೇ ತಪ್ಪಾಯಿತು. "ಕೆಟ್ಟ ರಕ್ತ ಅಂತ ಅವ್ರೇ ಅಂದ್ರಲ್ಲ, ಇನ್ನೇನು ಬೇಕು? ಸುಮ್ನೆ ಸಂಕ್ರಾಂತಿ ಕಳೀಲಿ, ದೊಡ್ಡಾಸ್ಪತ್ರೆಗೆ ಸೇರು" ಎಂದು ಬೋರಣ್ಣ ಮಾತು ಮುಗಿಸಿದ. ಮಂಗಮ್ಮ ಕೂಸನ್ನು ಅತ್ತೆಯ ತೊಡೆಯಿಂದ ಮೆಲ್ಲನೆ ಎತ್ತಿಕೊಂಡಳು. ಕೆಟ್ಟ ರಕ್ತ ಅಂಟಿಕೊಳ್ಳುವಂಥದ್ದೋ ಏನೋ ಎಂದು ಅವಳಿಗೆ ಭಯ. ಅಂಜನಮ್ಮನಿಗೆ ಅದು ಕಂಡಿತು. ಅವಳು ಸೆರಗು ಬಿಗಿದುಕೊಂಡು ಎದ್ದವಳೇ, ಬಿಸಿಲಲ್ಲಿ ಒಬ್ಬಳೇ ಜಯನಗರದ ದಾರಿ ಹಿಡಿದಳು.

"ಎಲ್ಲೈತೆ ಡಾಕ್ಟ್ರಮ್ಮ, ಕೆಟ್ಟಿರೋ ರಕ್ತ? ತೋರ್ಸಿ ನಂಗೆ. ನನ್ ರಕ್ತ ಕೆಟ್ಟೈತೆ ಅಂದ್ರೆ ನಾನೂ ಒಂದ್ ಕಿತ ನೋಡ್ಬೇಕು."

ಕಮಲಾದೇವಿಗೆ ಕೋಪ ಬರಲಿಲ್ಲ, ನಾಚಿಕೆಯಾಯಿತು. ಮೂಲೆಯಲ್ಲಿದ್ದ ಫ್ರಿಜ್ಜಿನಿಂದ ಒಂದು ಟ್ಯೂಬು ತೆಗೆದರು. ಅವರ ಪದ್ಧತಿ ಏನೆಂದರೆ, ಬೆಳಗ್ಗೆ ರಕ್ತ ತೆಗೆದು, ಮೇಲೆ ನಿಂತ ಹಳದಿ ತಿಳಿಯನ್ನು ಬೇರೆ ಮಾಡಿ ಫ್ರಿಜ್ಜಿನಲ್ಲಿಟ್ಟುಬಿಡುವುದು. ರೋಗಿಗಳೆಲ್ಲ ಹೋದ ಮೇಲೆ ಸಂಜೆ ಕೂತು ಪರೀಕ್ಷೆ ಮಾಡುವುದು. ಒಬ್ಬರೇ ಎಷ್ಟು ಕೆಲಸ ಮಾಡಲಿಕ್ಕಾಗುತ್ತದೆ?

"ನೋಡಿ. ನೀರಿನ ಹಾಗೆ ಇರ್ಬೇಕಿತ್ತು" ಎಂದು ಟ್ಯೂಬನ್ನು ತಲೆಕೆಳಗು ಮಾಡಿದರು. ಒಂದು ಹನಿಯೂ ಬೀಳಲಿಲ್ಲ. ಒಳಗಿನದು ತಟ್ಟೆಗೆ ಹುಯ್ದ ಹಾಲುಬಾಯಿಯ ಹಾಗೆ ಗಟ್ಟಿಯಾಗಿ ಕೂತಿತ್ತು.

ಅಂಜನಮ್ಮ ಅದನ್ನೇ ನೋಡಿದಳು. ಅಷ್ಟು ದಿನದಿಂದ ಕಟ್ಟಿಟ್ಟುಕೊಂಡಿದ್ದ ಅಳು ಅಲ್ಲಿ ಒಡೆಯಿತು. ಡಾಕ್ಟರು ಗಾಬರಿಯಾಗಿ ಟ್ಯೂಬನ್ನು ಕಿಟಕಿಯ ಕಟ್ಟೆಯ ಮೇಲಿನ ಲೋಟದಲ್ಲಿ ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಯಾರೂ ನಂಬಲ್ಲ ಡಾಕ್ಟ್ರಮ್ಮ. ಗಂಡ ನಾಟಕ ಅಂತಾನೆ. ಸೊಸೆ ಮೊಮ್ಮಗೂನ ಎತ್ಕೊಂಡೋಗ್ತಾಳೆ. ಕೈ ನೀಲಿಯಾಗ್ತೈತೆ, ಆಮೇಲೆ ಸರಿಯಾಗ್ತೈತೆ. ದೇವ್ರಾಣೆ ನಾನು ಸುಳ್ಳು ಹೇಳ್ತಿಲ್ಲ. ಈಗ ರಕ್ತಾನೂ ನನ್ ಕಡೆ ಸಾಕ್ಷಿ ಹೇಳ್ತಿಲ್ಲ" ಎಂದು ಬಿಕ್ಕಿದಳು.

ಕಮಲಾದೇವಿ ನೀರು ಕೊಟ್ಟರು, ಬೆನ್ನು ಸವರಿದರು. ಇನ್ನೊಂದು ಸಲ ರಕ್ತ ತೆಗೆಯುತ್ತೇನೆ, ನಾನೇ ಟ್ಯೂಬು ತೊಳೆಯುತ್ತೇನೆ ಎಂದು ಸಮಾಧಾನ ಹೇಳಿದರು. ಹೇಳುತ್ತಾ ಹೇಳುತ್ತಾ, ಎಸೆಯೋಣವೆಂದು ಕಿಟಕಿಯ ಕಡೆ ಕೈ ಚಾಚಿದವರು ಹಾಗೇ ನಿಂತರು. ಬಿಸಿಲು ನೇರವಾಗಿ ಲೋಟದ ಮೇಲೆ ಬೀಳುತ್ತಿತ್ತು. ಟ್ಯೂಬಿನೊಳಗಿನದು ಕರಗಿ, ತಿಳಿ ಹಳದಿಯಾಗಿ, ಆಚೆ ಈಚೆ ತುಳುಕುತ್ತಿತ್ತು.

"ಇದೇನಿದು!" ಎಂದರು ಡಾಕ್ಟರು, ತಮ್ಮಷ್ಟಕ್ಕೇ.

ಅದನ್ನು ತೆಗೆದುಕೊಂಡು ಹೋಗಿ ಮತ್ತೆ ಫ್ರಿಜ್ಜಿನಲ್ಲಿ, ಐಸಿನ ಪಕ್ಕದಲ್ಲೇ ಇಟ್ಟರು. ಆಯಾ ಕಾಫಿ ತಂದಳು, ಇಬ್ಬರೂ ಕುಡಿದರು. ಡಾಕ್ಟರ ಕಾಫಿ ಅರ್ಧ ತಟ್ಟೆಗೇ ಚೆಲ್ಲಿತು, ಅವರ ಮನಸ್ಸು ಅಲ್ಲಿರಲಿಲ್ಲ. ಫ್ರಿಜ್ಜು ತೆರೆದರು. ಮತ್ತೆ ಗಟ್ಟಿ! ಬೆಚ್ಚಗಿನ ನೀರಿನಲ್ಲಿ ಅದ್ದಿದರು. ಮತ್ತೆ ನೀರು! ಕಮಲಾದೇವಿಯ ಮುಖ ಅರಳಿತು.

"ಅಂಜನಮ್ಮ, ನಿಮ್ ರಕ್ತ ಕೆಟ್ಟಿರ್ಲಿಲ್ಲ. ನಾನೇ ಪೆದ್ದಿ, ಮೊದಲನೇದನ್ನ ಎಸೆದುಬಿಟ್ಟೆ, ಇದನ್ನೂ ಎಸೆಯೋಳಿದ್ದೆ. ಇದರಲ್ಲಿ ಏನೋ ಒಂದು ಇದೆ, ಅದು ಚಳಿಗೆ ಹೆಪ್ಪುಗಟ್ಟುತ್ತೆ, ಬಿಸಿಗೆ ಕರಗುತ್ತೆ."

"ಕೊಬ್ಬರಿ ಎಣ್ಣೆ ಹಂಗೆ?"

"ಹಾಗೇ. ಈಗ ಹೇಳಿ, ಕೈ ನೀಲಿಯಾಗೋದು ಯಾವ ಹೊತ್ತಲ್ಲಿ?"

"ಬೆಳಕು ಹರಿಯೋ ಮುಂಚೆ, ತೋಟದಾಗೆ."

"ಮತ್ತೆ ಆ ಹೊತ್ತಲ್ಲೇ ಓಡಿ ಬಂದು ತೋರಿಸೋಕೇನಾಗಿತ್ತು? ಯಾವಾಗ್ಲೂ ಬಿಸಿಲೇರಿದ ಮೇಲೇ ಬರ್ತೀರಲ್ಲ!"

ಅಂಜನಮ್ಮ ಅವರನ್ನು ಕಣ್ಣಗಲಿಸಿ ನೋಡಿದಳು. ಇಷ್ಟು ಓದಿದವರು ಇದೆಂಥ ಪ್ರಶ್ನೆ ಕೇಳುತ್ತಾರೆ! "ಸ್ನಾನ ಮಾಡ್ದೆ ಹೆಂಗ್ ಬರೋದು ಡಾಕ್ಟ್ರಮ್ಮ? ನಾವೇನ್ ಅಷ್ಟು ಗಲೀಜು ಜನ ಅಂದ್ಕೊಂಡ್ರಾ?"

ಕಮಲಾದೇವಿ ಹಣೆ ಚಚ್ಚಿಕೊಂಡು ನಕ್ಕರು. "ಚೆನ್ನಾಯ್ತು! ನೀವು ಬಿಸಿನೀರಲ್ಲಿ ಕಾಯಿಲೆ ತೊಳ್ಕೊಂಡು ಡಾಕ್ಟ್ರ ಹತ್ರ ಬರೋದು, ನಾನು ಫ್ರಿಜ್ಜಲ್ಲಿಟ್ಟು ರಕ್ತ ಹಾಳಾಯ್ತು ಅಂತ ಎಸೆಯೋದು. ಒಳ್ಳೆ ಜೋಡಿ ನಾವಿಬ್ರೂ! ನಾಳೆ ತೋಟದಿಂದ ಸೀದಾ ಬನ್ನಿ. ಸ್ನಾನ ಬೇಡ, ಒಲೆ ಬೇಡ, ಕಾಫಿ ಬೇಡ. ಎಷ್ಟು ಬೇಗ ಆದ್ರೂ ಬಾಗಿಲು ತಟ್ಟಿ."

ಅಂಜನಮ್ಮನಿಗೆ ಸೂಜಿ ಚುಚ್ಚಿಸಿಕೊಳ್ಳುವುದು ಕಷ್ಟವಾಗಿರಲಿಲ್ಲ, ಇದು ಕಷ್ಟವಾಯಿತು. ವರ್ತನೆ ಮನೆಗಳ ಬೀದಿಯಲ್ಲಿ, ಕೆದರಿದ ಕೂದಲಲ್ಲಿ, ಕೆಸರುಗಾಲಲ್ಲಿ, ಡಾಕ್ಟರ ಮನೆಗೆ! ಮಂಗಮ್ಮನಂತೂ ಕೇಳಿ ಕೆನ್ನೆಗೆ ಕೈಯಿಟ್ಟುಕೊಂಡಳು. "ಅಯ್ಯೋ ಅತ್ತೆ, ಸೊಸೆ ಒಂದ್ ಚೊಂಬು ನೀರೂ ಕಾಯ್ಸಿ ಕೊಡಲ್ಲ ಅಂತ ಜನ ನನ್ ಮಾನ ಕಳೀತಾರೆ. ನಾನೂ ಬರ್ತೀನಿ. ಡಾಕ್ಟ್ರು ಹೇಳಿದ್ದಕ್ಕೇ ಹಿಂಗೆ ಅಂತ ನಾನೇ ಹೇಳ್ತೀನಿ ಎಲ್ರಿಗೂ."

ಹಾಗೆ ಇಬ್ಬರೂ ಹೋದರು. ಮಂಜು ಎಷ್ಟಿತ್ತೆಂದರೆ ಬೀದಿ ದೀಪಗಳು ಸುಮ್ಮನೆ ಹಳದಿ ಚುಕ್ಕಿಗಳಾಗಿದ್ದವು. ಡಾಕ್ಟರು ಬಾಗಿಲು ತೆಗೆದು, ಒಳಗೆ ಕರೆದು, ಟ್ಯೂಬ್‌ಲೈಟು ಹಾಕಿದರು. ಆ ಬಿಳಿ ಬೆಳಕಿನಲ್ಲಿ ಅಂಜನಮ್ಮ ಸೆರಗಿನಿಂದ ಕೈ ಹೊರಗೆ ತೆಗೆದಳು. ಆ ಕಪ್ಪು ತುದಿಯೊಂದು ಬಿಟ್ಟು ಹತ್ತೂ ಬೆರಳು ಶಾಯಿಯಲ್ಲಿ ಅದ್ದಿದಂತೆ ನೀಲಿ. ಕಿವಿಯ ಅಂಚು ನೀಲಿ. ಮೂಗಿನ ತುದಿ ನೀಲಿ.

ಮಂಗಮ್ಮ ಅತ್ತೆಯ ಎರಡೂ ಕೈಗಳನ್ನು ಬಾಚಿ ತನ್ನ ಸೆರಗಿನೊಳಗೆ, ಎದೆಗೆ ಒತ್ತಿ ಹಿಡಿದುಕೊಂಡಳು. "ಹಿಂಗಾಗ್ತಿತ್ತಾ ಅತ್ತೆ? ದಿನಾ ಹಿಂಗಾಗ್ತಿತ್ತಾ? ನಾನು ಪಾಪಿ, ನಿಮ್ಮ ಮಾತು ನಂಬ್ಲಿಲ್ಲ" ಎಂದು ಅತ್ತುಬಿಟ್ಟಳು.

"ಸ್ವಲ್ಪ ತಡೀಮ್ಮ, ನಾನು ಸರಿಯಾಗಿ ನೋಡ್ತೀನಿ, ಆಮೇಲೆ ಬೆಚ್ಚಗೆ ಮಾಡೋಣ" ಎಂದರು ಕಮಲಾದೇವಿ. ಅವರ ಕಣ್ಣೂ ಒದ್ದೆಯಾಗಿತ್ತು, ಆದರೆ ಕೆಲಸ ಕೆಲಸವೇ.

ಬೋಗುಣಿಯ ಬೆಚ್ಚಗಿನ ನೀರಿನಲ್ಲಿ ಕೈ ಇಟ್ಟರೆ ಬಣ್ಣ ಮೆಲ್ಲಗೆ ತಿರುಗಿತು. ಕಪ್ಪು ತುದಿ ಮಾತ್ರ ಕಪ್ಪಾಗೇ ಉಳಿಯಿತು. ಡಾಕ್ಟರು ಈ ಸಲ ಸಿರಿಂಜನ್ನೂ ಬಿಸಿ ಮಾಡಿಕೊಂಡು ರಕ್ತ ತೆಗೆದರು, ಟ್ಯೂಬನ್ನು ಬಿಸಿನೀರಿನ ಫ್ಲಾಸ್ಕಿನೊಳಗೆ ಇಳಿಬಿಟ್ಟರು. ಆಮೇಲೆ ಮೂತ್ರ ಹಿಡಿದು ಕೊಡಲು ಹೇಳಿ, ಅದನ್ನು ಸ್ಪಿರಿಟ್ ದೀಪದ ಮೇಲೆ ಮೆಲ್ಲಮೆಲ್ಲಗೆ ಕಾಯಿಸಿದರು. ತಿಳಿಯಾಗಿದ್ದದ್ದು ಸ್ವಲ್ಪ ಬಿಸಿಯಾಗುತ್ತಲೇ ಮೋಡದಂತೆ ಬೆಳ್ಳಗಾಯಿತು. ಇನ್ನೂ ಕಾಯಿಸಿದರು. ಕುದಿಯುವ ಹೊತ್ತಿಗೆ ಮೋಡ ಕರಗಿ ಬಹುಮಟ್ಟಿಗೆ ಮಾಯ. ಆರಲು ಬಿಟ್ಟರೆ ಮತ್ತೆ ಮೋಡ.

"ಇದೇನ್ ಡಾಕ್ಟ್ರಮ್ಮ, ಕಣ್ಕಟ್ಟು ಇದ್ದಂಗೈತೆ!" ಎಂದಳು ಅಂಜನಮ್ಮ.

"ಕುದಿಸಿ ಮಾತ್ರ ನೋಡೋರಿಗೆ ಇದು ಕಾಣೋದೇ ಇಲ್ಲ" ಎಂದರು ಕಮಲಾದೇವಿ. ಅವರ ದನಿ ಈಗ ತಗ್ಗಿತ್ತು. ಇಬ್ಬರನ್ನೂ ಕೂರಿಸಿ ಹೇಳಿದರು. ಮೂಳೆಯ ಒಳಗೆ ಮಜ್ಜೆ ಇರುತ್ತದೆ, ರಕ್ತ ತಯಾರಾಗುವುದು ಅಲ್ಲೇ. ಅಲ್ಲಿ ಒಂದು ಜಾತಿಯ ಕಣಗಳಿಗೆ ರೋಗದ ಜೊತೆ ಹೋರಾಡುವ ಪ್ರೋಟೀನು ಮಾಡುವ ಕೆಲಸ. ಒಂದೊಂದು ಕಣದ್ದು ಒಂದೊಂದು ತರಹ. ಅಂಜನಮ್ಮನ ಮೂಳೆಯಲ್ಲಿ ಒಂದೇ ಒಂದು ಕಣ ಹದ್ದುಮೀರಿ ಬೆಳೆದು, ತನ್ನ ಸಂತಾನವನ್ನೇ ತುಂಬಿಸಿಬಿಟ್ಟಂತೆ ಕಾಣುತ್ತದೆ. ಅವೆಲ್ಲ ಸೇರಿ ಒಂದೇ ಅಚ್ಚಿನ, ಯಾವ ಕೆಲಸಕ್ಕೂ ಬಾರದ ಪ್ರೋಟೀನನ್ನು ರಕ್ತಕ್ಕೆ ಸುರಿಯುತ್ತಿವೆ. ರಕ್ತ ಮಂದವಾಗುತ್ತದೆ. ಚಳಿಗೆ ಒಡ್ಡಿದ ಬೆರಳಲ್ಲಿ ಅದು ಹೆಪ್ಪುಗಟ್ಟಿ ಸಣ್ಣ ನಾಳಗಳನ್ನು ಮುಚ್ಚುತ್ತದೆ. ಅದರದೇ ಚೂರುಗಳು ಮೂತ್ರದಲ್ಲಿ ಇಳಿದು ಈ ಮೋಡದಾಟ ಆಡುತ್ತವೆ. ಆ ಕಣಗಳು ಮೂಳೆಯನ್ನೂ ಕೊರೆಯುತ್ತವೆ, ಬೆನ್ನು ನೋವು ಅದಕ್ಕೇ.

"ಎದೆಮೂಳೆಗೆ ಸೂಜಿ ಹಾಕಿ ಮಜ್ಜೆ ನೋಡಿದ್ರೆ ಖಾತ್ರಿಯಾಗುತ್ತೆ" ಎಂದರು. ಆ ಸೂಜಿಯೂ ಆಯಿತು, ಖಾತ್ರಿಯೂ ಆಯಿತು. ಮೈಲೋಮಾ ಎಂಬ ಹೆಸರು. ಅಂದು ಬೋರಣ್ಣನೂ ಬಂದಿದ್ದ, ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದ.

"ಉಳೀತಾಳಾ?" ಎಂದು ಅವನೇ ಕೇಳಿದ.

"ಪೂರ್ತಿ ವಾಸಿಯಾಗುತ್ತೆ ಅಂತ ಸುಳ್ಳು ಹೇಳಲ್ಲ ಬೋರಣ್ಣ. ಇದು ಒಂದು ತರಹದ ಕ್ಯಾನ್ಸರು. ನಾನು ಓದೋವಾಗ ಇದಕ್ಕೆ ಮದ್ದೇ ಇರ್ಲಿಲ್ಲ. ಈಗೀಗ ಒಂದು ಮಾತ್ರೆ ಬಂದಿದೆ, ಬೊಂಬಾಯಿಂದ ತರಿಸ್ಬೇಕು. ಅದು ಹಿಡಿದ್ರೆ ಆ ಕಣಗಳು ಸಾಯ್ತವೆ, ಪ್ರೋಟೀನು ಇಳಿಯುತ್ತೆ. ಇವ್ರಿಗೆ ವರ್ಷಗಳು ಸಿಗ್ಬಹುದು. ಒಳ್ಳೆ ವರ್ಷಗಳು."

"ಬೆರಳು?" ಎಂದಳು ಅಂಜನಮ್ಮ. ಕ್ಯಾನ್ಸರು ಎಂಬ ಮಾತು ಕಿವಿಗೆ ಬಿದ್ದ ಮೇಲೂ ಅವಳು ಕೇಳಿದ್ದು ಬೆರಳನ್ನೇ.

"ಅದಕ್ಕೆ ಸ್ವಲ್ಪ ಕಾಲಾವಕಾಶ ಕೇಳೋಣ. ನಡೀರಿ, ನಾನೇ ಬರ್ತೀನಿ."

ದೊಡ್ಡಾಸ್ಪತ್ರೆಯ ಸರ್ಜನ್ನರ ಮೇಜಿನ ಮೇಲೆ ಕಮಲಾದೇವಿ ಒಂದು ಐಸಿನ ಡಬ್ಬಿಯನ್ನೂ ಒಂದು ಫ್ಲಾಸ್ಕನ್ನೂ ಇಟ್ಟು ಎರಡು ಟ್ಯೂಬು ತೆಗೆದು ತೋರಿಸಿದರು. ಒಂದೇ ರಕ್ತದ ತಿಳಿ, ಒಂದು ಗಟ್ಟಿ, ಒಂದು ನೀರು. ಸರ್ಜನ್ನರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರ್ಲಿಲ್ಲ" ಎಂದರು. ಮರ್ಯಾದಸ್ಥರು, ಹಟ ಮಾಡಲಿಲ್ಲ. "ಯುಗಾದಿವರೆಗೆ ನೋಡ್ತೀನಿ. ಕಪ್ಪು ಮೊದಲ ಗೆಣ್ಣು ದಾಟಿದ್ರೆ ಮಾತ್ರ ಮಾತಿಲ್ಲ, ತೆಗೆಯೋದೇ. ಬೆಚ್ಚಗಿಟ್ಕೊಳ್ಳಿ."

ಬೆಚ್ಚಗಿಡುವುದೆಂದರೆ! ಬೋರಣ್ಣ ಎಲ್ಲಿಂದಲೋ ಒಂದು ಜೊತೆ ಉಣ್ಣೆಯ ಕೈಗವಸು ಹೊಂಚಿ ತಂದ, ಮಂಕಿ ಟೋಪಿ ತಂದ, ಕಂಬಳಿ ತಂದ. ಅಂಜನಮ್ಮನನ್ನು ನೋಡಿದರೆ ಊಟಿಗೆ ಹೊರಟವಳ ಹಾಗಿದ್ದಳು. ಅವಳು ಏಳುವ ಮೊದಲೇ ಹಂಡೆಗೆ ಉರಿ ಹಾಕುವುದು ಅವನ ಕೆಲಸವಾಯಿತು. ತೋಟಕ್ಕೂ ಅವನೇ ಹೋದ. ಮೊಗ್ಗು ಎಲೆ ಎಲ್ಲ ಸೇರಿಸಿ ಕಿತ್ತು ತಂದು ಹೆಂಡತಿಯ ಬಾಯಿಗೆ ಬಿದ್ದ. "ಹೂವು ಬಿಡ್ಸು ಅಂದ್ರೆ ಸೊಪ್ಪು ಕೊಯ್ಕೊಂಡ್ ಬಂದವ್ರೆ ನೋಡಮ್ಮಿ!" ಎಂದು ಅವಳು ಬೈದರೆ ಅವನಿಗೆ ಖುಷಿ. ಬೈಯುವಷ್ಟು ಶಕ್ತಿ ಬಂದಿದೆಯಲ್ಲ ಎಂದು.

ನಾಟಕ ಎಂದಿದ್ದಕ್ಕೆ ಅವನು ಕ್ಷಮೆ ಕೇಳಲಿಲ್ಲ. ಅಂಥ ಮಾತು ಅವನ ಬಾಯಲ್ಲಿ ಬರುವಂಥದ್ದಲ್ಲ. ಒಂದು ಬೆಳಗ್ಗೆ ಮಾತ್ರ ತೋಟದಿಂದ ಬಂದವನು ತನ್ನ ಮರಗಟ್ಟಿದ ಕೈ ನೋಡಿಕೊಳ್ಳುತ್ತಾ, "ಇಷ್ಟು ವರ್ಷ ಹೆಂಗ್ ಮಾಡ್ದೆ ಮಾರಾಯ್ತಿ ಈ ಕೆಲ್ಸಾನ?" ಎಂದ. ಅಂಜನಮ್ಮನಿಗೆ ಅಷ್ಟು ಸಾಕಾಯಿತು.

ಮಾತ್ರೆಗಳು ಸುಲಭದವಲ್ಲ. ಹೊಟ್ಟೆ ತೊಳಸುತ್ತಿತ್ತು, ಅನ್ನ ಕಂಡರಾಗುತ್ತಿರಲಿಲ್ಲ. ಶಿವರಾತ್ರಿಯ ಸುಮಾರಿಗೆ ಜ್ವರ ಬಂದು ಹಾಸಿಗೆ ಹಿಡಿದಾಗ, ಮುಗಿಯಿತು ಎಂದೇ ಎಲ್ಲರೂ ಹೆದರಿದರು. ಮಂಗಮ್ಮ ರಾಗಿ ಗಂಜಿ ಕಾಸಿ, ಚಮಚದಲ್ಲಿ ಕುಡಿಸಿ, ಕೂಸನ್ನು ಅತ್ತೆಯ ಪಕ್ಕದಲ್ಲೇ ಮಲಗಿಸಿದಳು. ಅದು ಅಜ್ಜಿಯ ಟೋಪಿ ಎಳೆಯುತ್ತಾ ಮಲಗಿತು. ಜ್ವರ ಇಳಿಯಿತು. ಬೆನ್ನು ನೋವೂ ಯಾವಾಗ ಕಡಿಮೆಯಾಯಿತೋ, ಒಂದು ದಿನ ಕೂಸನ್ನು ಎತ್ತಿಕೊಂಡ ಮೇಲೇ ಅವಳಿಗೆ ಗೊತ್ತಾದದ್ದು.

"ಬಿಸಿಲುಕಾಲ ಬಂತು, ಅದಕ್ಕೇ ಕೈ ನೀಲಿಯಾಗ್ತಿಲ್ಲ. ಮಾತ್ರೆದೇನು ಹೆಚ್ಚುಗಾರಿಕೆ?" ಎಂದು ಬೋರಣ್ಣ ತನ್ನ ತರ್ಕ ತೆಗೆದ. ಕಮಲಾದೇವಿ ಹೊಸ ರಕ್ತ ತೆಗೆದು, ತಿಳಿಯನ್ನು ಅವನ ಕಣ್ಣೆದುರೇ ಫ್ರಿಜ್ಜಿನಲ್ಲಿಟ್ಟರು. ಕಾದು ಕಾದು ಬೋರಣ್ಣನಿಗೆ ತೂಕಡಿಕೆ ಬಂತು. ತೆಗೆದು ಓರೆ ಮಾಡಿದರೆ ತಳದಲ್ಲಿ ಒಂದಿಷ್ಟು ಗಸಿ ಕೂತಿತ್ತು, ಉಳಿದದ್ದೆಲ್ಲ ಸರಾಗವಾಗಿ ಹರಿಯಿತು. "ಇದು ಬಿಸಿಲಿನ ಕೆಲ್ಸ ಅಲ್ಲ" ಎಂದರು ಡಾಕ್ಟರು. ಬೋರಣ್ಣ ಫ್ರಿಜ್ಜಿಗೇ ಕೈಮುಗಿದ.

ಆದರೆ ಬೆರಳಿನ ತೀರ್ಪು ಬಾಕಿ ಇತ್ತಲ್ಲ. ಕಪ್ಪು ಮೇಲಕ್ಕೆ ಹತ್ತಲಿಲ್ಲ, ಒಣಗಿ ಚಿಪ್ಪಿನಂತೆ ಗಟ್ಟಿಯಾಗಿ ತುದಿಯಲ್ಲೇ ಕೂತಿತು. ಒಳಗೆ ಏನಿದೆಯೋ ಯಾರಿಗೆ ಗೊತ್ತು? ಅವಳು ಅದನ್ನು ಗೋಡೆಗೆ ಒತ್ತಿ ನೋಡುತ್ತಿದ್ದಳು, ಹಲ್ಲಲ್ಲಿ ಕಚ್ಚಿ ನೋಡುತ್ತಿದ್ದಳು. ಏನೂ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳದೆ ಎಡಗೈಯಲ್ಲಿ ಗಂಟು ಹಾಕುವ ಅಭ್ಯಾಸ ಮಾಡಲು ನೋಡಿದಳು. ಹೂವೆಲ್ಲ ಉದುರಿತು.

ಯುಗಾದಿ ಕಳೆದ ಮೇಲೆ ಎಲ್ಲರೂ ದೊಡ್ಡಾಸ್ಪತ್ರೆಗೆ ಹೋದರು. ಅಂದು ಬೆಳಗ್ಗೆಯೇ ಚಿಪ್ಪಿನ ಅಂಚು ಎದ್ದಿತ್ತು. ಸರ್ಜನ್ನರು ಅದನ್ನು ಚಿಮಟದಲ್ಲಿ ಹಿಡಿದು ಮೆಲ್ಲಗೆ ಎತ್ತಿದರು, ಒಣ ಸಿಪ್ಪೆಯಂತೆ ಕಳಚಿಕೊಂಡಿತು. ಕೆಳಗೆ ತೆಳುವಾದ ಹೊಸ ಚರ್ಮ, ಬೆರಳು ಒಂದಿಷ್ಟು ಮೊಂಡಾಗಿತ್ತು, ಅಷ್ಟೇ. ಅವರು ಇದ್ದಿಲಿನಂತೆ ಕಪ್ಪಗಿದ್ದ ಆ ಚೂರನ್ನು ಬಟ್ಟಲಿಗೆ ಹಾಕಿ, "ಕಣ್ಮುಚ್ಚಮ್ಮ" ಎಂದರು.

ಅಂಜನಮ್ಮ ಕಣ್ಣು ಮುಚ್ಚಿದಳು. ಪಕ್ಕದಲ್ಲಿ ಕಮಲಾದೇವಿ ಕುರ್ಚಿ ಹತ್ತಿರ ಎಳೆದುಕೊಂಡದ್ದು ಅವಳಿಗೆ ಕೇಳಿಸಿತು. ಬಾಗಿಲಲ್ಲಿ ಮಂಗಮ್ಮ ಯಾವುದೋ ದೇವರ ಹೆಸರು ಹೇಳುತ್ತಿದ್ದಳು.

"ಅಯ್ಯಯ್ಯಪ್ಪೋ! ಸಾಯ್ಸಿಬಿಟ್ರಲ್ಲಪ್ಪೋ!"

ಆಸ್ಪತ್ರೆಯ ಓಣಿಗೆಲ್ಲ ಕೇಳುವಂತೆ ಕಿರುಚಿ ಅಂಜನಮ್ಮ ಕೈ ಎಳೆದುಕೊಂಡಳು. ಸರ್ಜನ್ನರ ಕೈಯಲ್ಲಿ ಸೂಜಿ ಇತ್ತು.

"ನೋವಾಯ್ತಾ?" ಎಂದರು ಅವರು.

"ಆಗ್ದೆ ಇನ್ನೇನು? ನಿಮ್ ಬೆರಳಿಗೆ ನೀವೇ ಚುಚ್ಕೊಂಡು ನೋಡ್ಕೊಳ್ಳಿ! ಮುದುಕಿ ಅಂತ ಹಿಂಗಾ ಚುಚ್ಚೋದು…" ಎಂದು ರೇಗಿದವಳು ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು. ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ತುದಿಯಲ್ಲಿ ಒಂದು ಹನಿ ರಕ್ತ ಕೆಂಪಗೆ ಮೂಡಿ, ಮೆಲ್ಲಗೆ ಜಾರಿ ಅಂಗೈಗೆ ಇಳಿಯಿತು.

ಬೋರಣ್ಣ ಗೋಡೆಯ ಕಡೆ ತಿರುಗಿ ನಿಂತು ಟೋಪಿಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ.

ಅಂಜನಮ್ಮ ಕೈಯನ್ನು ಮತ್ತೆ ಸರ್ಜನ್ನರ ಮುಂದೆ ಚಾಚಿದಳು.

"ಇನ್ನೊಂದ್ಸಲ ಚುಚ್ಚಿ ಸ್ವಾಮಿ" ಎಂದಳು.